ನಾನು ಹೊಡೆಯದ ಗುಂಡು

ಆ ರೈಫಲ್‌ಗಾಗಿ ನನ್ನ ಮೈಯ ಅಳತೆ ತೆಗೆದಿದ್ದರು. ಕಲ್ಯಾಣದ ಹಳೇ ಪೇಟೆಯಲ್ಲಿ, ಸರಕಾರಿ ಲೈಸೆನ್ಸ್ ಇಟ್ಟುಕೊಂಡು ಬಂದೂಕು ದುರಸ್ತಿ ಮಾಡುವ ಅಂಗಡಿಯಲ್ಲಿ, ಬ್ಲೌಸ್ ಹೊಲಿಸಲು ಹೋದವಳ ಹಾಗೆ ಕೈ ಚಾಚಿ ನಿಂತಿದ್ದೆ. ಭುಜದಿಂದ ಬೆರಳ ತುದಿಯವರೆಗೆ, ಕಿವಿಯಿಂದ ಕೆನ್ನೆಯ ಮೂಳೆಯವರೆಗೆ ಟೇಪ್ ಹಿಡಿದು ಅಂಗಡಿಯವರು ಗುನುಗುತ್ತಾ ಅಳೆದರು. ಅವರು ಬೆಳಗಾವಿ ಕಡೆಯವರು. ಮನೆಯಲ್ಲಿ ಮರಾಠಿ, ನನ್ನ ಜೊತೆ ಕನ್ನಡ. ನನ್ನನ್ನು ವಹಿನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದರು.

ನಾನು ವಾಗ್ಳೆ ಎಸ್ಟೇಟ್‌ನ ಒಂದು ಕಾರ್ಖಾನೆಯಲ್ಲಿ, ತಯಾರಾದ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವ ವಿಭಾಗದಲ್ಲಿದ್ದೇನೆ. ಗುರಿ ಹೊಡೆಯುವ ಆಟ ಶುರುವಾದದ್ದು ತಡವಾಗಿ, ಮಗ ಹಾಸ್ಟೆಲ್ಲಿಗೆ ಹೋದ ಮೇಲೆ. ನೆಲದ ಮೇಲೆ ಬೋರಲು ಮಲಗಿ, ತೋಳಿಗೆ ಬಿಗಿದ ಚರ್ಮದ ಪಟ್ಟಿಯ ಆಧಾರದಲ್ಲಿ ರೈಫಲ್ ಹಿಡಿದು, ಐವತ್ತು ಮೀಟರ್ ಆಚೆಯ ಕಪ್ಪು ವೃತ್ತದ ನಡುವಿಗೆ ಸಣ್ಣ ಪಾಯಿಂಟ್ ಟೂ ಟೂ ಗುಂಡು ಹೊಡೆಯುವುದು. ಡೊಂಬಿವಲಿ ಲೋಕಲ್‌ನಲ್ಲಿ ವರ್ಷಗಟ್ಟಲೆ ಒಂಟಿಕಾಲಲ್ಲಿ ನಿಂತವಳಿಗೆ, ಮಲಗಿಕೊಂಡು ಆಡುವ ಆಟವೂ ಒಂದಿದೆ ಎನ್ನುವುದೇ ಮೊದಲು ಖುಷಿ ಕೊಟ್ಟಿತ್ತು. ಹಳೇ ರೈಫಲ್‌ನ ನಳಿಗೆ ಸವೆದಿತ್ತು. ಕ್ಲಬ್ಬಿನ ಮೂಲಕ ಹೊಸ ನಳಿಗೆ ಬಂತು. ಅದಕ್ಕೆ ಸರಿಯಾಗಿ, ನನ್ನ ಮೈಗೆ ಹೊಂದುವಂತೆ, ಮರದ ಹೊಸ ಒಡಲನ್ನು ಕೆತ್ತಿ ಕೂರಿಸುವ ಕೆಲಸ ಅಂಗಡಿಯವರದು.

ಮಳೆ ಮುಗಿದು ಬಿಸಿಲು ಬಿದ್ದ ಮೇಲೆ ಥಾಣೆಯ ಶೂಟಿಂಗ್ ರೇಂಜಿನಲ್ಲಿ ಅದನ್ನು ಪರೀಕ್ಷಿಸಿದೆವು. ಒಂದೊಂದು ನಳಿಗೆಗೂ ಒಂದೊಂದು ತಯಾರಿಕೆಯ ಗುಂಡು ಒಗ್ಗುತ್ತದೆ. ಯಾವುದೆಂದು ಹೊಡೆದೇ ನೋಡಬೇಕು. ಹೊಡೆಯುವವರ ಉಸಿರು, ನಾಡಿ ಅಡ್ಡ ಬರಬಾರದೆಂದು ರೈಫಲ್ಲನ್ನು ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು ಒಂದೊಂದೇ ಡಬ್ಬಿ ತೆರೆದೆವು. ಗುರಿಯ ಪೇಪರ್ ಬದಲಾಯಿಸುವ ಕೆಲಸ ನನ್ನ ಗಂಡನದು. ಅವರಿಗೆ ಬಂದೂಕು ಎಂದರೆ ಮೊದಲಿನಿಂದಲೂ ಆಗದು. ಆದರೂ ಪ್ರತಿ ಭಾನುವಾರ ಬರುತ್ತಿದ್ದರು. ನಾನು ಗುಂಡು ತುಂಬುವ ಬಾಯಿಯ ಅಗುಳಿಯಾದ ಬೋಲ್ಟ್ ತೆರೆದು, ಖಾಲಿ ಎನ್ನುವ ಗುರುತಿಗೆ ಒಳಗೆ ಹಳದಿ ಪ್ಲಾಸ್ಟಿಕ್ ಕಡ್ಡಿ ತೂರಿಸಿ, ಕೈ ಮೇಲೆತ್ತಿ ತೋರಿಸಿದ ಮೇಲೇ ಹೊಡೆಯುವವರ ಗೆರೆ ದಾಟುತ್ತಿದ್ದರು. ಮೂರನೇ ಡಬ್ಬಿಯ ಗುಂಡುಗಳೆಲ್ಲ ಒಂದರ ಮೇಲೊಂದು ಬಿದ್ದು ಒಂದೇ ತೂತು ಮಾಡಿದ್ದವು.

"ಹತ್ತು ಹೊಡದೀ ಅಂತಿ, ಇಲ್ಲಿ ಒಂದ ತೂತು ಐತಿ," ಎಂದು ಅವರು ಅಲ್ಲಿಂದಲೇ ಕೂಗಿದರು.

ಇನ್ನು ನನ್ನ ಕೈಯಲ್ಲಿ ಹೇಗೆ ಬೀಳುತ್ತದೆ ನೋಡೋಣ ಎಂದು ಜಾಕೆಟ್ ಹಾಕಿ ಚಾಪೆಯ ಮೇಲೆ ಮಲಗಿದೆ. ಅವರು ಹೊಸ ಪೇಪರ್ ಸಿಕ್ಕಿಸಿ, ವಾಪಸು ಬಂದು ನನ್ನ ಹಿಂದೆ ನಿಂತರು. ನಾನು ಪಟ್ಟಿ ಬಿಗಿದುಕೊಂಡೆ. ಗುಂಡು ತೂರಿಸಿ ಬೋಲ್ಟ್ ಮುಚ್ಚಿದೆ. ಮುಚ್ಚಿದ ಕ್ಷಣವೇ ರೈಫಲ್ ಸಿಡಿಯಿತು.

ನನ್ನ ಬಲಗೈ ಇನ್ನೂ ಬೋಲ್ಟಿನ ಹಿಡಿಯ ಮೇಲಿತ್ತು. ಎದುರಿಗೆ, ಅರ್ಧ ದಾರಿಯಲ್ಲಿ, ನೆಲದಿಂದ ಒಂದು ಹಿಡಿ ಧೂಳು ಎದ್ದು ನಿಧಾನಕ್ಕೆ ಹರಡಿತು.

"ಯಾಕ ಮಣ್ಣಿಗೆ ಹೊಡದಿ?" ಗಂಡ ಕೇಳಿದರು.

"ನಾ ಹೊಡದಿಲ್ರೀ."

"ಮತ್ತ್ಯಾರು ಹೊಡದ್ರು?"

ಅವರು ಆ ದಾರಿಯಲ್ಲೇ ನಡೆದು ಬಂದಿದ್ದರು. ಧೂಳಿನ ಪಕ್ಕದಲ್ಲಿ ಅವರ ಚಪ್ಪಲಿಯ ಗುರುತು ಇದ್ದಿರಬೇಕು. ತಿರುಗಿ ಅವರ ಮುಖ ನೋಡಿದೆ. ಅವರಿಗೂ ಆಗ ಅರ್ಥವಾಯಿತು. ಕೈಯಲ್ಲಿದ್ದ ಹಳೇ ಪೇಪರನ್ನು ಮಡಚುತ್ತಾ ಮಡಚುತ್ತಾ ಸಣ್ಣ ಚೌಕ ಮಾಡಿದರು.

ರೇಂಜಿನ ಮೇಲ್ವಿಚಾರಕರು ಬಂದು ವಿಚಾರಿಸಿದರು. "ಮೇಡಂ, ಉಂಗಲೀ ಲಗೀ ಹೋಗೀ," ಎಂದರು. ಬೆರಳು ತಾಗಿರಬೇಕು. ಎಲ್ಲರಿಗೂ ಆಗುತ್ತದೆ ಎಂದು ಸಮಾಧಾನವನ್ನೂ ಹೇಳಿದರು. ಆ ಸಮಾಧಾನವೇ ನನ್ನನ್ನು ಹೆದರಿಸಿತು. ತಪ್ಪು ರೈಫಲ್ಲಿನದಾದರೆ ಸರಿಪಡಿಸಬಹುದು. ನನ್ನ ಕೈ ನನಗೇ ಗೊತ್ತಿಲ್ಲದಂತೆ ಟ್ರಿಗರ್ ಮುಟ್ಟಿದ್ದರೆ? ಆ ವಾರವೆಲ್ಲ ಕಾರ್ಖಾನೆಯಲ್ಲಿ ಅಳೆದದ್ದನ್ನೇ ಮತ್ತೆ ಮತ್ತೆ ಅಳೆದೆ. ಮನೆಯಲ್ಲಿ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಲಿಫ್ಟಿನಿಂದ ವಾಪಸು ಬಂದೆ. ರೈಫಲ್ ಬೀಗ ಹಾಕಿದ ಕಪಾಟಿನಲ್ಲಿತ್ತು, ಗುಂಡುಗಳು ಬೇರೆ ಕಡೆ. ಆದರೂ ಆ ಕಪಾಟಿಗೆ ಬೆನ್ನು ಹಾಕಿ ಮಲಗಲು ಆಗುತ್ತಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ರೈಫಲ್ ತೆಗೆದುಕೊಂಡು ಇಬ್ಬರೂ ಕಲ್ಯಾಣಕ್ಕೆ ಹೋದೆವು. ಅಂಗಡಿಯವರು ಖಾಲಿ ರೈಫಲ್ಲನ್ನು ಮೇಜಿನ ಮೇಲಿಟ್ಟು ಬೋಲ್ಟ್ ತೆರೆದರು, ಮುಚ್ಚಿದರು. ಮೆಲ್ಲಗೆ, ಜೋರಾಗಿ, ತಟ್ಟಿ, ಕುಲುಕಿ. ಏನೂ ಆಗಲಿಲ್ಲ.

"ವಹಿನಿ, ಇದು ಶಕ್ಯನ ಇಲ್ರೀ. ನಿಮ್ಮ ಬೆರಳ ಹತ್ತೇದ," ಎಂದರು.

"ಆಕಿ ಹತ್ತಿಲ್ಲ ಅಂದ್ರ ಹತ್ತಿಲ್ಲ," ಎಂದರು ನನ್ನ ಗಂಡ. ಬಂದೂಕಿನ ಬಗ್ಗೆ ಏನೂ ತಿಳಿಯದ ಅವರು ಅಷ್ಟು ಗಟ್ಟಿಯಾಗಿ ಹೇಳಿದ್ದು ಕೇಳಿ ನನಗೆ ಅಳು ಬಂದಿತು.

ಅಂಗಡಿಯವರು ಮತ್ತೊಮ್ಮೆ ಮುಚ್ಚಿ ತೋರಿಸುತ್ತಿದ್ದಾಗ ನಾನು ಮೇಜನ್ನೇ ನೋಡುತ್ತಿದ್ದೆ. ನಮ್ಮ ಕಾರ್ಖಾನೆಯಲ್ಲಿ ಕೆಲವು ಭಾಗಗಳನ್ನು ಎರಡು ಸಲ ಅಳೆಯುತ್ತೇವೆ, ಬಿಡಿಯಾಗಿ ಒಮ್ಮೆ, ಬಿಗಿದು ಒಮ್ಮೆ. ಬಿಗಿದಾಗ ಬಾಗುತ್ತವೆ. ಈ ರೈಫಲ್ ಮೇಜಿನ ಮೇಲೆ ಬಿಡಿಯಾಗಿತ್ತು. ರೇಂಜಿನಲ್ಲಿ ಪಟ್ಟಿಯಿಲ್ಲದೆ ಕಬ್ಬಿಣದ ಹಿಡಿಕೆಯಲ್ಲಿ ಕೂತಿದ್ದಾಗಲೂ ಸರಿಯಾಗೇ ಇತ್ತು. ಸಿಡಿದದ್ದು ನಾನು ಪಟ್ಟಿ ಬಿಗಿದು ಎಳೆದಾಗ.

"ಸ್ವಲ್ಪ ಜಾಗಾ ಮಾಡ್ರಿ. ಇಲ್ಲೇ ಮಲಕೋತೀನಿ," ಎಂದೆ.

ಅವರು ನೆಲದ ಮೇಲಿನ ಮರದ ಪುಡಿ ಗುಡಿಸಿದರು. ಸಲ್ವಾರ್ ಮೇಲೇ ಜಾಕೆಟ್ ಹಾಕಿ, ಗೋಡೆಯ ಕಡೆ ನಳಿಗೆ ಮಾಡಿ ಮಲಗಿ ಪಟ್ಟಿ ಬಿಗಿದೆ. ರೈಫಲ್ ಖಾಲಿ ಎಂದು ಮೂವರೂ ನೋಡಿದ್ದೆವು. ಆದರೂ ಬೆರಳುಗಳನ್ನೆಲ್ಲ ಅಗಲಿಸಿ, ಅಂಗೈಯಿಂದಷ್ಟೇ ಬೋಲ್ಟ್ ತಳ್ಳಿ ಮುಚ್ಚಿದೆ.

ಟಕ್ ಎಂದಿತು. ಒಳಗಿನ ಸೂಜಿ ತಾನಾಗಿ ಹೊಡೆದ ಸದ್ದು.

ಮತ್ತೆ ಮುಚ್ಚಿದೆ. ಟಕ್.

ಅಂಗಡಿಯವರು ನನ್ನ ಪಕ್ಕದಲ್ಲಿ ಮೊಣಕಾಲೂರಿ ಕೂತರು. ಪಟ್ಟಿ ಎಳೆದಾಗ ಮರದ ಒಡಲು ಕೂದಲೆಳೆಯಷ್ಟು ಬಾಗಿ, ಟ್ರಿಗರ್‌ನ ಕಬ್ಬಿಣದ ಪೆಟ್ಟಿಗೆಯನ್ನು ಒತ್ತಿ ಸೂಜಿಯ ಹಿಡಿತ ತಪ್ಪಿಸುತ್ತಿತ್ತು. ಅವರು ಅಲ್ಲಿ ಜಾಗ ಬಿಟ್ಟು ಕೆತ್ತಿರಲಿಲ್ಲ. ನನ್ನ ಬೆರಳು ನಿರಪರಾಧಿ ಎಂದು ತಿಳಿದು ಒಂದು ಗಳಿಗೆ ಹಗುರವಾದೆ. ಒಂದೇ ಗಳಿಗೆ. ತಲೆಯೆತ್ತಿದಾಗ ಅವರ ಮುಖ ಬಿಳಿಚಿಕೊಂಡಿತ್ತು.

"ವಹಿನಿ, ಕಾಮೋಠೆದ ಆ ಸಿಸ್ಟರ್ ರೈಫಲ್ ಸುದ್ಧಾ ಇದ ನಮೂನಿ ಕೆತ್ತೇನಿ. ಹೋದ ವಾರ ಒಯ್ದಾರ."

ಸಿಸ್ಟರ್ ಎಂದರೆ ನಮ್ಮ ಕ್ಲಬ್ಬಿಗೆ ಬರುವ, ಕಾಮೋಠೆಯ ಒಂದು ಆಸ್ಪತ್ರೆಯ ನರ್ಸ್. ಉಡುಪಿ ಕಡೆಯ ಹುಡುಗಿ, ನನಗಿಂತ ಬಹಳ ಚಿಕ್ಕವಳು. ಭಾನುವಾರ ರಜೆ ಸಿಕ್ಕರೆ ಗಂಡ, ಮಗಳೊಂದಿಗೆ ರೇಂಜಿಗೆ ಬರುತ್ತಾಳೆ. ಗುಂಡು ಹೊಡೆಯುವುದು ನಿಂತಾಗ ಅವಳ ಗಂಡ ಪೇಪರ್ ಬದಲಾಯಿಸಲು ಹೋಗುತ್ತಾನೆ. ಮಗಳು ಹಟ ಮಾಡಿ ಅವನ ಹೆಗಲೇರುತ್ತಾಳೆ. ಇವತ್ತೂ ಭಾನುವಾರ, ಅವಳು ರೇಂಜಿನಲ್ಲೇ ಇರಬೇಕು.

ಅವಳಿಗೆ ಫೋನ್ ಮಾಡಿದೆ. ರಿಂಗ್ ಆಗಿ ನಿಂತಿತು. ಗೆರೆಯ ಬಳಿ ಫೋನ್ ತರುವಂತಿಲ್ಲ, ಎಲ್ಲರ ಫೋನೂ ಹಿಂದಿನ ಕೋಣೆಯ ಬ್ಯಾಗುಗಳಲ್ಲಿರುತ್ತವೆ. ರೇಂಜಿನ ಆಫೀಸಿಗೆ ಮಾಡಿದೆ, ಯಾರೂ ಎತ್ತಲಿಲ್ಲ. ಬೋಲ್ಟ್ ಮುಚ್ಚಬೇಡ ಎಂದು ಮೆಸೇಜ್ ಕಳಿಸಿದೆ. ಒಂದೇ ಟಿಕ್ ಬಿದ್ದು ಹಾಗೇ ಉಳಿಯಿತು. ಅಂಗಡಿಯವರು ನನ್ನ ರೈಫಲ್ಲನ್ನು ತಿಜೋರಿಯಲ್ಲಿಟ್ಟು, ಸ್ಕ್ರೂಡ್ರೈವರುಗಳ ಚೀಲ ಹೆಗಲಿಗೆ ಹಾಕಿ ಶಟರ್ ಎಳೆದರು.

"ನಾನೂ ಬರ್ತೀನಿ. ನಡೀರಿ," ಎಂದರು.

ಸ್ಟೇಷನ್ನಿಗೆ ಓಡಿದಾಗ ಗೊತ್ತಾಯಿತು, ಭಾನುವಾರದ ಮೆಗಾ ಬ್ಲಾಕ್, ಹಳಿ ದುರಸ್ತಿಯ ದಿನ. ಫಾಸ್ಟ್ ಗಾಡಿಗಳೂ ಸ್ಲೋ ಹಳಿಯ ಮೇಲೆ. ರಸ್ತೆಯಲ್ಲಿ ಹೋದರೆ ಇನ್ನೂ ತಡ ಎಂದು ಬಂದ ಗಾಡಿ ಹತ್ತಿದೆವು. ಡೊಂಬಿವಲಿ ದಾಟಿತು. ದಿವಾ ದಾಟಿ ಮುಂಬ್ರಾದ ಮೊದಲು ಗಾಡಿ ನಿಂತಿತು. ಫ್ಯಾನುಗಳ ಸದ್ದು ಬಿಟ್ಟರೆ ಏನೂ ಇಲ್ಲ. ಎದುರಿನ ಕುಟುಂಬ ಮದುವೆಗೆ ಹೊರಟಿತ್ತು, ಮಲ್ಲಿಗೆಯ ವಾಸನೆ ಇಡೀ ಬೋಗಿಯಲ್ಲಿ ತುಂಬಿತ್ತು. ನಾನು ಮತ್ತೆ ಮತ್ತೆ ಫೋನ್ ಮಾಡುತ್ತಲೇ ಇದ್ದೆ. ಅಂಗಡಿಯವರು ಮೇಲಿನ ಹಿಡಿಕೆಗೆ ಜೋತುಬಿದ್ದು ಹೊರಗೆ ನೋಡುತ್ತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು.

"ಇಲ್ಲೀತನಾ ನನ್ನ ಕೈಲೆ ಯಾರಿಗೂ ಏನೂ ಆಗಿಲ್ಲ," ಎಂದರು, ನಮಗಲ್ಲ, ಕಿಟಕಿಗೆ.

ನನ್ನ ಗಂಡ ನೀರಿನ ಬಾಟಲಿ ಚಾಚಿದರು. ಅಂಗಡಿಯವರು ಕುಡಿಯಲಿಲ್ಲ.

ಥಾಣೆಯಲ್ಲಿ ಇಳಿದು ಆಟೋ ಹಿಡಿದೆವು. ರೇಂಜಿನ ಗೇಟಿನ ಹೊರಗೇ ಗುಂಡಿನ ಸದ್ದು ಕೇಳಿಸಿತು. ಚಟ್, ಚಟ್. ಕಂಪೌಂಡಿನಲ್ಲಿ ಓಡುತ್ತಿದ್ದಂತೆ ಸದ್ದು ಪೂರ್ತಿ ನಿಂತಿತು. ಅದು ಸದ್ದಿಗಿಂತ ಕೆಟ್ಟದಾಗಿತ್ತು. ಸದ್ದು ನಿಂತಿತೆಂದರೆ ಒಂದೋ ಪೇಪರ್ ಬದಲಾಯಿಸುವ ಹೊತ್ತು, ಇಲ್ಲವೇ ಏನೋ ಆಗಿದೆ.

ಒಳಗೆ ನುಗ್ಗಿದೆ. ಆ ಹುಡುಗಿಯ ಗಂಡ ಪೇಪರ್ ಬದಲಾಯಿಸಿ, ಗೆರೆಯ ಈಚೆ ಬಂದು, ಮಗಳನ್ನು ಹೆಗಲ ಮೇಲಿಂದ ಇಳಿಸುತ್ತಿದ್ದ. ಮೇಲ್ವಿಚಾರಕರು ಶುರು ಮಾಡಿ ಎನ್ನುವ ಸನ್ನೆ ಕೊಟ್ಟಾಗಿತ್ತು. ಅವಳು ಚಾಪೆಯ ಮೇಲೆ ಪಟ್ಟಿ ಬಿಗಿದು, ಹಳದಿ ಕಡ್ಡಿ ತೆಗೆದು, ಗುಂಡಿಗೆ ಕೈ ಹಾಕಿದ್ದಳು.

"ಬೋಲ್ಟ್ ಮುಚ್ಚಬ್ಯಾಡಾ!"

ರೇಂಜಿನಲ್ಲಿ ಎಲ್ಲರಿಗೂ ತಿಳಿಯುವ ಮಾತು "ಸ್ಟಾಪ್". ಅದು ನನ್ನ ಬಾಯಿಗೆ ಬರಲಿಲ್ಲ. ಕನ್ನಡದಲ್ಲಿ ಕಿರುಚಿದ್ದೆ. ಸಾಲಿನಲ್ಲಿ ಮಲಗಿದ್ದವರೆಲ್ಲ ಅರ್ಥವಾಗದೆ ತಿರುಗಿ ನೋಡಿದರು. ಅವಳೊಬ್ಬಳಿಗೆ ಅರ್ಥವಾಯಿತು. ಗುಂಡನ್ನು ತಟ್ಟೆಗೆ ಹಾಕಿ, ಕೈಯೆರಡೂ ಮೇಲೆತ್ತಿದಳು.

"ಎಂತ ಆಯ್ತು ಅಕ್ಕ? ಯಾರಿಗಾದ್ರೂ ಹುಷಾರಿಲ್ವಾ?"

ನರ್ಸ್ ಅಲ್ಲವೇ, ಅವಳ ಮೊದಲ ಯೋಚನೆ ಅದೇ. ನಾನು ಉಸಿರು ಹಿಡಿದು ಹೇಳಿದೆ. ಮೇಲ್ವಿಚಾರಕರು ಸಾಲನ್ನೆಲ್ಲ ನಿಲ್ಲಿಸಿ ಅವಳ ಖಾಲಿ ರೈಫಲ್ಲನ್ನು ಪರೀಕ್ಷಿಸಲು ಹೇಳಿದರು. ಅವಳು ಪಟ್ಟಿ ಬಿಗಿದು ಬೋಲ್ಟ್ ಮುಚ್ಚಿದಳು. ಏನೂ ಆಗಲಿಲ್ಲ. ಮತ್ತೆ ಮುಚ್ಚಿದಳು. ಇಲ್ಲ. ಹತ್ತಾರು ಸಲ. ಮೇಲ್ವಿಚಾರಕರು ನನ್ನ ಕಡೆ ನೋಡಿದ ನೋಟದಲ್ಲಿ ಹಿಂದಿನ ವಾರದ "ಉಂಗಲೀ" ಇತ್ತು. ನನಗೆ ನಾಚಿಕೆಯಾಯಿತು.

"ಬಿಚ್ಚಿ ನೋಡೋಣು," ಎಂದರು ಅಂಗಡಿಯವರು.

ಎರಡು ಸ್ಕ್ರೂ ತೆಗೆದು ಮರದಿಂದ ಕಬ್ಬಿಣ ಬೇರೆ ಮಾಡಿದರು. ಮರದ ಗುಳಿಯ ಒಂದು ಅಂಚಿನಲ್ಲಿ, ಉಗುರಿನಷ್ಟು ಜಾಗದಲ್ಲಿ, ಎಣ್ಣೆ ಹಚ್ಚಿದ ಬಣ್ಣ ಉಜ್ಜಿ ಹೋಗಿ ಹೊಳೆಯುತ್ತಿತ್ತು. ಟ್ರಿಗರ್‌ನ ಪೆಟ್ಟಿಗೆ ಅಲ್ಲಿಗೆ ತಾಗಲು ಶುರುವಾಗಿತ್ತು. ಪಟ್ಟಿಯನ್ನು ಇನ್ನೊಂದು ತೂತು ಬಿಗಿದಿದ್ದರೆ, ಅಥವಾ ಮರ ಇನ್ನೊಂದಿಷ್ಟು ಒಣಗಿದ್ದರೆ ಎಂದು ಅಂಗಡಿಯವರು ಹೇಳಲು ಹೊರಟು ನಿಲ್ಲಿಸಿದರು. ಮೇಲ್ವಿಚಾರಕರು ಆ ಜಾಗವನ್ನು ಹೆಬ್ಬೆರಳಿನಿಂದ ಸವರಿ, "ಮೇಡಂ, ಸಾರಿ," ಎಂದರು.

ಹುಡುಗಿ ಜಾಕೆಟ್‌ನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಮಗಳನ್ನು ಎತ್ತಿಕೊಂಡು ಹೊರಗಿನ ಬೆಂಚಿನ ಮೇಲೆ ಬಹಳ ಹೊತ್ತು ಕೂತಳು. ನಾನು ಪಕ್ಕ ಕೂತಾಗ, "ಅಕ್ಕ, ನಾನು ಇನ್ನು ಬರುದಿಲ್ಲ," ಎಂದಳು. ಹಾಗೇ ಮಾಡಿದಳು. ರೈಫಲ್ಲನ್ನು ಕ್ಲಬ್ಬಿನಲ್ಲೇ ಬಿಟ್ಟಳು. ಈಗಲೂ ಹಬ್ಬಕ್ಕೆ ಮೆಸೇಜ್ ಕಳಿಸುತ್ತಾಳೆ, ರೇಂಜಿನ ವಿಷಯ ಇಬ್ಬರೂ ಎತ್ತುವುದಿಲ್ಲ.

ಅಂಗಡಿಯವರು ಅದೇ ದಿನ ಕ್ಲಬ್ಬಿನ ಎಲ್ಲರೆದುರು ನಿಂತು, ತಾವು ಕೆತ್ತಿದ ರೈಫಲ್ ಯಾರ ಬಳಿಯಿದ್ದರೂ ವಾಪಸು ಕೊಡಿ ಎಂದರು. ನನ್ನದನ್ನು ಮತ್ತೆ ಕೆತ್ತಿ, ಟ್ರಿಗರ್ ಬಿಗಿ ಮಾಡಿದ ಮೇಲೆ ನನ್ನನ್ನು ಅಂಗಡಿಯ ನೆಲದ ಮೇಲೆ ಮಲಗಿಸಿ, ಪಟ್ಟಿಯನ್ನು ತಾವೇ ಎಳೆದು, ರಬ್ಬರ್ ಸುತ್ತಿಗೆಯಿಂದ ಮರಕ್ಕೆ ಬಡಿದು ನೋಡಿದರು. ಸದ್ದಿಗೆ ಪಕ್ಕದ ಪಾತ್ರೆ ಅಂಗಡಿಯವನು ಇಣುಕಿದ. ಒಂದು ಸಲವೂ ಟಕ್ ಎನ್ನಲಿಲ್ಲ. ರೇಂಜಿನಲ್ಲಿ ಗುಂಡುಗಳು ಮೊದಲಿನಂತೆ ಒಂದೇ ತೂತಿಗೆ ಬಿದ್ದವು. ರೈಫಲ್ ಗುಣವಾಗಿತ್ತು.

ನಾನು ಗುಣವಾಗಿರಲಿಲ್ಲ. ಬೋಲ್ಟ್ ಮುಚ್ಚುವ ಮುಂಚೆ ಪ್ರತಿ ಸಲ ತಿರುಗಿ ನೋಡುವುದು ಅಭ್ಯಾಸವಾಯಿತು. ಹಿಂದೆ ಯಾರಿದ್ದಾರೆ, ಮುಂದೆ ಯಾರಿದ್ದಾರೆ. ಮುಚ್ಚುವಾಗ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಚಳಿಗಾಲದ ಸ್ಪರ್ಧೆಗೆ ಹೆಸರು ಕೊಟ್ಟಾಗಿತ್ತು, ಹೋದೆ. ಹೊಡೆದದ್ದೆಲ್ಲ ಚೆನ್ನಾಗೇ ಬಿತ್ತು. ಆದರೆ ಒಂದೊಂದು ಗುಂಡಿಗೂ ಅಷ್ಟು ಹೊತ್ತು ಹಿಡಿಯುತ್ತಿತ್ತು. ಸಮಯ ಮುಗಿಯಿತು ಎಂದು ಕೂಗಿದಾಗ ನನ್ನ ತಟ್ಟೆಯಲ್ಲಿ ಇನ್ನೂ ಹೊಡೆಯದ ಗುಂಡುಗಳು ಉಳಿದಿದ್ದವು. ಸಾಲಿನಲ್ಲಿ ಹಾಗೆ ಉಳಿಸಿಕೊಂಡವಳು ನಾನೊಬ್ಬಳೇ.

ಗಂಡ ಹೊರಗೆ ಮರದ ಕೆಳಗೆ, ವಡಾಪಾವಿನ ಪೊಟ್ಟಣ ಹಿಡಿದು ಕೂತಿದ್ದರು.

"ಹೆಂಗಾತು?"

"ಮುಗಸಲಿಕ್ಕೆ ಆಗಲಿಲ್ಲ. ಮುಚ್ಚಾಕ ಕೈ ಬರವಲ್ದು. ನೀವ್ಯಾಕ ಒಳಗ ಬರಲಿಲ್ಲ?"

ಅವರು ಪೊಟ್ಟಣದ ದಾರ ಬಿಚ್ಚಿದರು.

"ಅವತ್ತಿನಿಂದ ನನಗ ಆ ಗೆರಿ ನೋಡಿದ್ರ ಕಾಲ ನಡಗತಾವ," ಎಂದರು. "ನಿನಗ ಹೇಳಿದ್ರ ನೀ ಬಿಟ್ಟಗಿಟ್ಟೀ ಅಂತ ಹೇಳಿರಲಿಲ್ಲ."

ಇಷ್ಟು ದಿನ ಒಂದೇ ಮನೆಯಲ್ಲಿ ಇಬ್ಬರೂ ಒಂದೇ ಭಯವನ್ನು ಬೇರೆ ಬೇರೆ ಅಡಗಿಸಿಟ್ಟುಕೊಂಡಿದ್ದೆವು. ನಾನು ಅವರ ಪಕ್ಕ ನೆಲದ ಮೇಲೇ ಕೂತೆ. ಒಳಗೆ ಮುಂದಿನ ಸರದಿಯವರು ಶುರು ಮಾಡಿದರು. ಮೊದಲ ಗುಂಡಿಗೆ ಇಬ್ಬರೂ ಒಟ್ಟಿಗೆ ಬೆಚ್ಚಿದೆವು. ಅವರು ನನ್ನ ಕಡೆ ನೋಡಿದರು, ನಾನು ಅವರ ಕಡೆ. ಆಮೇಲೆ ತಿನ್ನಲು ಶುರು ಮಾಡಿದೆವು.