ಲೋಬಾನ ಮತ್ತು ಇಮಾನ

ಗುರುವಾರ ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಓಣಿಯ ಕರೆಂಟ್ ಹೋಯಿತು. ಬಸವನ ಬಾಗೇವಾಡಿಯಲ್ಲಿ ಅದು ನೆನಪಿಟ್ಟುಕೊಳ್ಳುವ ಸಂಗತಿಯೇನಲ್ಲ. ಆದರೆ ನಾನು ಆಗ ರೊಟ್ಟಿ ಹಿಟ್ಟಿಗೆ ಬಿಸಿನೀರು ಹಾಕುತ್ತಾ ಗೋಡೆಗಡಿಯಾರ ನೋಡುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಗುಂಯ್ ಎನ್ನುತ್ತಿದ್ದ ಎಕ್ಸಾಸ್ಟ್ ಫ್ಯಾನ್ ನಿಂತುಹೋಯಿತು. ಬಣ್ಣ ಸಿಂಪಡಿಸುವ ಪುಟ್ಟ ಕಂಪ್ರೆಸರ್ ಮಾತ್ರ ನಿಲ್ಲಲಿಲ್ಲ. ಅದು ಚಾರ್ಜಿನ ಮೇಲೆ ನಡೆಯುವಂಥದ್ದು.

ಒಳಗೆ ಕೂತಿದ್ದವರು ನನ್ನ ಗಂಡ. ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ಅವರ ನೌಕರಿ. ರಜೆಯ ದಿನ, ಇಲ್ಲವೇ ಸಂಜೆ ಬಿಡುವಾದಾಗ ಯುದ್ಧವಿಮಾನಗಳ ಮಾದರಿ ಕಟ್ಟುತ್ತಾರೆ. ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ಅಂಟಿಕೊಂಡು ಬರುವ ತುಣುಕುಗಳನ್ನು ಕತ್ತರಿಸಿ, ಪಾಲಿಶ್ ಪೇಪರಿನಲ್ಲಿ ತಿಕ್ಕಿ, ಅಂಟಿಸಿ, ಸಂದುಗಳಿಗೆ ಪುಟ್ಟಿ ತುಂಬಿ, ಕೊನೆಗೆ ಬಣ್ಣ ಹೊಡೆಯುವುದು. ಆ ದಿನ ಮೇಜಿನ ಮೇಲಿದ್ದದ್ದು ನ್ಯಾಟ್, ಗೇಣುದ್ದವೂ ಇಲ್ಲದ ಬೆಳ್ಳಿ ಬಣ್ಣದ ವಿಮಾನ. ಬೆಳ್ಳಿ ಬಣ್ಣವೆಂದರೆ ಸಿಂದಗಿಯ ಗ್ಯಾರೇಜಿನಲ್ಲಿ ಮೋಟರ್‌ಸೈಕಲ್ ಟ್ಯಾಂಕಿಗೆ ಹೊಡೆಯುವ ಬಣ್ಣವೇ, ಥಿನ್ನರ್ ಬೆರೆಸಿ ನೀರಿನಷ್ಟು ತೆಳ್ಳಗೆ ಮಾಡಿದ್ದು.

ಬೆಳ್ಳಿ ಬಣ್ಣಕ್ಕೆ ಧೂಳು ಆಗಿಬರುವುದಿಲ್ಲ. ನಮ್ಮ ಕಡೆಯ ಬೇಸಿಗೆಯ ಗಾಳಿಯಲ್ಲೋ ಧೂಳೇ ಹೆಚ್ಚು. ಹೊಲದ ಕರಿಮಣ್ಣು ಎದ್ದು ಬಂದು ಹಾಲಿನ ಪಾತ್ರೆಯ ಮೇಲೂ ಕೂರುತ್ತದೆ. ಹೀಗಾಗಿ ಅವರು ಕಿಟಕಿ ಮುಚ್ಚಿ, ಬಾಗಿಲು ಹಾಕಿ, ಬಾಗಿಲ ಕೆಳಗಿನ ಸಂದಿಗೆ ಒಳಗಿನಿಂದ ಒದ್ದೆ ಟವೆಲ್ ತುರುಕಿಕೊಂಡು ಕೂರುತ್ತಿದ್ದರು. ಫ್ಯಾನ್ ಒಂದೇ ಆ ಕೋಣೆಯ ಉಸಿರು. ಅದು ನಿಂತರೂ ಅವರು ಸಿಂಪಡಿಸುವುದನ್ನು ನಿಲ್ಲಿಸಲಿಲ್ಲ. ನಡುವೆ ಬಿಟ್ಟರೆ ರೆಕ್ಕೆಯ ಮೇಲೆ ಗೆರೆ ಬೀಳುತ್ತದಂತೆ. ಮೊಬೈಲಿನ ಬೆಳಕಿನಲ್ಲಿ ಕೆಲಸ ಮುಂದುವರಿಯಿತು.

ನಮ್ಮತ್ತೆಗೆ ಈ ಕೆಲಸದ ಬಗ್ಗೆ ಸಿಟ್ಟೂ ಇತ್ತು, ಹೆಮ್ಮೆಯೂ ಇತ್ತು. ಅವರ ಬಾಯಲ್ಲಿ ವಿಮಾನ ಯಾವಾಗಲೂ ‘ಇಮಾನ’. ಓಣಿಯ ಹೆಂಗಸರು ಮಗನ ಸುದ್ದಿ ಕೇಳಿದರೆ, “ಇಮಾನ ಕಟ್ಟಾಕತ್ತಾನವ್ವಾ, ಇನ್ನೇನ ಮಾಡ್ತಾನ” ಎನ್ನುತ್ತಿದ್ದರು. ನಮ್ಮಂಥ ಮುಸಲ್ಮಾನರ ಮನೆಯಲ್ಲಿ ಈಮಾನ ಎಂದರೆ ಶ್ರದ್ಧೆ, ದೇವರ ಮೇಲಿನ ನಂಬಿಕೆ. ಅದನ್ನೇ ಹಿಡಿದು ಮಗ ಕಾಡುತ್ತಿದ್ದರು: “ಈಮಾನ ಕಟ್ಟೂದು ಚಲೋ ಕೆಲಸ ಅಲ್ಲೇನಬೇ? ನೀನs ಹೇಳಿ ಕೊಟ್ಟಿ.”

“ನಮಾಜಿಗೆ ಹೋಗಾಕ ಟೈಮ್ ಇಲ್ಲ, ಇದಕ್ಕ ಐತಿ. ಹಲ್ಲ ಮುರೀತೇನಿ ನೋಡು!”

ಗುರುವಾರ ಸಂಜೆ ಅತ್ತೆ ಲೋಬಾನ ಹಾಕುತ್ತಾರೆ. ತೆಂಗಿನ ಚಿಪ್ಪಿನ ಕೆಂಡದ ಮೇಲೆ ಲೋಬಾನದ ಪುಡಿ ಉದುರಿಸಿ, ಮನೆಗೆ ಬರಕತ್ತು, ಏಳಿಗೆ ಬರಲೆಂದು ಆ ಘಮದ ಹೊಗೆಯನ್ನು ಪ್ರತಿ ಕೋಣೆಗೂ ಕೊಂಡೊಯ್ಯಬೇಕು. ಒಂದು ಕೋಣೆಯನ್ನೂ ಬಿಡುವಂತಿಲ್ಲ. ಲೋಬಾನದಾನಿಯ ಹಿಡಿ ಎಂದೋ ಮುರಿದಿದೆ. ಅವರು ಸೆರಗು ಮಡಚಿ ಹಿಡಿಯುತ್ತಾರೆ.

ಅಡುಗೆಮನೆಯಿಂದ ನಾನು ಮೊದಲು ಕೇಳಿದ್ದು ಅವರ ದನಿ. “ಬಾಗಲಾ ತಗಿಯೋ, ಲೋಬಾನ ತಂದೇನಿ.”

“ತಡಿಬೇ ಅವ್ವಾ, ಈ ರೆಕ್ಕಿ ಮುಗೀಲಿ.”

“ನಿನ್ನ ರೆಕ್ಕಿ ಮುಗಿಯೂದ್ರಾಗ ಕೆಂಡಾ ಆರತೈತಿ!” ಎಂದವರೇ ಲೋಬಾನದಾನಿಯನ್ನು ಹೊಸ್ತಿಲ ಬಳಿ ನೆಲದ ಮೇಲಿಟ್ಟು, ಭುಜ ಕೊಟ್ಟು ಬಾಗಿಲು ನೂಕಿದರು. ಟವೆಲ್ ಅಡ್ಡ ಬಂದು ಅದು ಅಲುಗಲಿಲ್ಲ.

ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಿದ್ದೆ. ನಾನು ರಸಾಯನಶಾಸ್ತ್ರದಲ್ಲಿ ಡಿಗ್ರಿ ಮಾಡಿದವಳು, ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಥಿನ್ನರಿನ ಆವಿ ಗಾಳಿಗಿಂತ ಭಾರ, ಅದು ನೆಲ ಹಿಡಿದು ಹರಿಯುತ್ತದೆ, ಬೆಂಕಿ ಕಂಡಲ್ಲಿಂದ ಹಿಂದಕ್ಕೆ ಹೊತ್ತಿಕೊಂಡು ಹೋಗುತ್ತದೆ. ಇದನ್ನೆಲ್ಲ ಆಗ ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ಕಂಡದ್ದು ಇಷ್ಟು: ನೆಲದ ಮೇಲೆ ಕೆಂಡ, ಅದರ ಪಕ್ಕ ಅತ್ತೆಯ ಸೆರಗು. ಒಳಗಿನಿಂದ ಗಂಡನ ಮಾತು ಕೇಳಿಸಿತು: “ನಿಂದರ, ಟವೆಲ್ ತಗೀತೇನಿ.”

“ತಗೀಬ್ಯಾಡ್ರೀ!” ಎಂದು ಕಿರುಚಿ ಲೋಬಾನದಾನಿಯನ್ನು ಬರಿಗೈಯಲ್ಲಿ ಎತ್ತಿಕೊಂಡು ಹಿತ್ತಲಿಗೆ ಓಡಿದೆ. ಬಟ್ಟೆ ನೆನೆಸಿದ್ದ ತೊಟ್ಟಿಗೆ ಎಸೆದೆ. ಚೊಂಯ್ ಎಂದಿತು. ಹಿಂದೆ ಬಾಗಿಲು ತೆರೆದ ಸದ್ದು. ಥಿನ್ನರಿನ ವಾಸನೆ ಹಿತ್ತಲವರೆಗೂ ಬಂತು.

ಏನೂ ಆಗಲಿಲ್ಲ. ತೊಂದರೆಯೇ ಅದು. ಏನೂ ಆಗದಿದ್ದುದನ್ನು ಯಾರಿಗೆ ತೋರಿಸಲಿ? ನನ್ನ ಬೆರಳುಗಳ ಬೊಬ್ಬೆ ಬಿಟ್ಟರೆ ಬೇರೆ ಗುರುತಿರಲಿಲ್ಲ. ಅತ್ತೆ ಸಾಬೂನು ನೀರಿನಲ್ಲಿ ಮುಳುಗಿದ ಲೋಬಾನದಾನಿಯನ್ನು ನೋಡುತ್ತಾ ನಿಂತಿದ್ದರು.

“ಹೊಲಸ ನೀರಾಗ ಹಾಕಿದೆಲ್ಲವ್ವಾ. ಮನಿ ಬರಕತ್ತs ಹಾಕಿದಿ. ಇವನ ಇಮಾನದ ಸಲವಾಗಿ ನನ್ನ ಈಮಾನಕ್ಕ ನೀರ ಸುರವಿದಿ.”

ಗಂಡ ನಕ್ಕುಬಿಟ್ಟರು. “ಅಷ್ಟರಾಗ ಏನಾಗ್ತಿತ್ತು? ಸಾಲ್ಯಾಗ ಪಾಠಾ ಹೇಳಿ ಹೇಳಿ ಮನ್ಯಾಗೂ ಶುರು ಮಾಡಿದಿ.”

ಅಂದಿನಿಂದ ನಿದ್ರೆ ಹೋಯಿತು. ಕಣ್ಣು ಮುಚ್ಚಿದರೆ ಕೆಂಡ, ಸೆರಗು, ಬಾಗಿಲು. ಟವೆಲ್ ಒಣಗಿಹೋಗಿದ್ದರೆ? ಬಾಗಿಲು ಮೊದಲ ನೂಕಿಗೇ ಸರಿದಿದ್ದರೆ? ಧೂಳು ಒಳಗೆ ಬಾರದಿರಲೆಂದು ಇಟ್ಟ ಬಟ್ಟೆ ಆವಿ ಹೊರಗೆ ಹೋಗದಂತೆ ತಡೆದಿತ್ತು. ನಮ್ಮನ್ನು ಉಳಿಸಿದ್ದು ಧೂಳಿನ ಮೇಲಿನ ಸಿಟ್ಟು. ಬೆಳಗಾದರೆ ಮುಂದಿನ ಗುರುವಾರಕ್ಕೆ ಇನ್ನೆಷ್ಟು ದಿನ ಎಂಬ ಲೆಕ್ಕ. ಅತ್ತೆ ನಂಬದಿದ್ದರೆ ಮತ್ತೊಮ್ಮೆ ಕೆಂಡ ಹಿಡಿದು ಅದೇ ಬಾಗಿಲಿಗೆ ಹೋಗುತ್ತಾರೆ. ಆ ದಿನ ನಾನು ಮುದ್ದೇಬಿಹಾಳದಿಂದ ಬರುವ ಬಸ್ಸಿನಲ್ಲಿದ್ದರೆ?

ಭಾನುವಾರ, ಇಬ್ಬರಿಗೂ ಕಣ್ಣಾರೆ ತೋರಿಸಲೇಬೇಕೆಂದು ನಾನೇ ಹಟ ಹಿಡಿದೆ. ಥಿನ್ನರ್ ಒರೆಸಿದ ಚಿಂದಿಯೊಂದನ್ನು ಗಂಡ ಬಯಲಿಗೆ ಒಯ್ದು ಇಟ್ಟಿಗೆಯ ಮೇಲಿಟ್ಟರು. ಉದ್ದ ಕೋಲಿನ ತುದಿಗೆ ಕೊಳ್ಳಿ ಕಟ್ಟಿಕೊಂಡು ದೂರದಿಂದ ಚಾಚಿದರು. ಕೊಳ್ಳಿ ಇನ್ನೂ ಚಿಂದಿಗೆ ತಾಗಿರಲಿಲ್ಲ. ಬೆಂಕಿಯೇ ಭುಗ್ಗೆಂದು ಎದ್ದುಬಂದು ಕೊಳ್ಳಿಯನ್ನು ಹಿಡಿಯಿತು.

ಕೋಲು ಅವರ ಕೈಯಿಂದ ಬಿತ್ತು. ಬೇವಿನ ಗಿಡದ ಕೆಳಗೆ ನಿಂತಿದ್ದ ಅತ್ತೆ ತಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

“ಇಷ್ಟs ಅರಿಬಿಗೆ ಇಷ್ಟ ಬೆಂಕಿ ಆತಂದ್ರ... ಕೋಣಿ ತುಂಬ ಇತ್ತಲ್ಲೋ ಅದು,” ಎಂದರು.

“ಹೌದಬೇ,” ಎಂದರು ಗಂಡ. ಅವತ್ತೇ ಬಣ್ಣ, ಥಿನ್ನರ್ ಎಲ್ಲ ಮಾಳಿಗೆಯ ಮೇಲಿನ ತಗಡಿನ ನೆರಳಿಗೆ ಹೋದವು. ಧೂಳು ಬಿದ್ದರೆ ಬೀಳಲಿ, ತಿಕ್ಕಿದರಾಯಿತು ಎಂದರು. ಇಂಡಿ ಊರಿನ ನನ್ನ ತವರಿನಿಂದ ಬಂದಿದ್ದ ಲಿಂಬೆಹಣ್ಣು ಕೊಯ್ದು, ಅತ್ತೆ ಮಗನ ಬೆರಳಿನ ಬೆಳ್ಳಿ ಬಣ್ಣವನ್ನು ಚಿಕ್ಕ ಹುಡುಗನಿಗೆ ತಿಕ್ಕಿದಂತೆ ತಿಕ್ಕಿದರು. ಬೈಗುಳ ಮಾತ್ರ ಒಂದೂ ಬರಲಿಲ್ಲ.

ನನಗೆ ನಿದ್ರೆ ಆಗಲೂ ಬರಲಿಲ್ಲ. ಮುಂದಿನ ಗುರುವಾರ ಅತ್ತೆ ಲೋಬಾನವನ್ನೇ ಹಾಕಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. ಮನೆಯಲ್ಲಿ ಯಾರೋ ಮಾತು ಬಿಟ್ಟಂತಿತ್ತು. ಅವರು ಹೆದರಿದ್ದಾರೋ, ಮುನಿದಿದ್ದಾರೋ ಕೇಳುವ ಧೈರ್ಯ ನನಗಿರಲಿಲ್ಲ.

ಅದರ ನಂತರದ ಗುರುವಾರ ಸಂಜೆ ಚಿಪ್ಪು ಸುಡುವ ವಾಸನೆ ಬಂತು. ನಾನು ಎದ್ದು ಬರುವಷ್ಟರಲ್ಲಿ ಅತ್ತೆ ಲೋಬಾನದಾನಿ ಹಿಡಿದು ನಡುಮನೆಯ ಆಚೆ ತುದಿಯಲ್ಲೇ ನಿಂತಿದ್ದರು. ಅದಕ್ಕೀಗ ತಂತಿಯ ಹಿಡಿ ಬಂದಿತ್ತು. ಅಲ್ಲಿಂದಲೇ ಕೂಗಿದರು: “ಏನೋ, ನಿನ್ನ ಇಮಾನ ಒಣಗೈತೇನು? ನನ್ನ ಈಮಾನ ಒಳಗ ಬರಲ್ಯಾ?”

“ಬಾಬೇ, ಕಿಡಕಿ ತಗದs ಐತಿ.”

ಅವರು ಕದಲಲಿಲ್ಲ. ನನ್ನ ಕಡೆ ತಿರುಗಿದರು. “ಅವನ ಮಾತ ಬ್ಯಾಡ. ನೀ ಮೂಸಿ ಹೇಳವ್ವಾ.”

ನಾನು ಕೋಣೆಗೆ ಹೋಗಿ ಮೂಲೆಯವರೆಗೂ ಬಗ್ಗಿ ಮೂಸಿದೆ. ಬರಿಯ ಗಾಳಿ, ಅದರಲ್ಲಿ ಸ್ವಲ್ಪ ಧೂಳು. “ಬರ್ರಿ ಅತ್ತಿ,” ಎಂದೆ.

ಹೊಗೆ ಒಳಗೆ ಬಂತು. ಬಲರೆಕ್ಕೆಯ ಮೇಲೆ ಗೆರೆ ಬಿದ್ದಿದ್ದ ನ್ಯಾಟ್‌ಗೂ ಅತ್ತೆ ಒಂದು ಸುತ್ತು ಲೋಬಾನ ತೋರಿಸಿದರು. “ಇದೂ ಮನ್ಯಾಗಿಂದs ಅಲ್ಲೇನು,” ಎಂದರು.

ಮರುದಿನ ನನಗೆ ಎಚ್ಚರವಾದಾಗ ಬಿಸಿಲು ಹಾಸಿಗೆಯ ಅರ್ಧಕ್ಕೆ ಬಂದಿತ್ತು. ಅಡುಗೆಮನೆಯಲ್ಲಿ ಅತ್ತೆ ಮಗನಿಗೆ ಗದರುತ್ತಿದ್ದರು: “ಮೆಲ್ಲಕ ಮಾತಾಡೋ. ಆಕಿ ಇನ್ನೂ ಮಲಗ್ಯಾಳ.”