ಬೆಂಚಿನ ಮೇಲೆ ಕಲಿತ ಐದು ಪದ

ಬೈಲಹೊಂಗಲದ ನನ್ನ ಕ್ಲಿನಿಕ್ಕಿನಲ್ಲಿ ಎರಡು ಕೋಣೆ, ಹೊರಗೆ ಒಂದು ಉದ್ದನೆಯ ಬೆಂಚು. ಒಳಗೆ ಕೂತು ನಾನು ಜನರ ನೆನಪು, ಗಮನ, ಮನಸ್ಸಿನ ಭಾರವನ್ನು ಪರೀಕ್ಷಿಸುತ್ತೇನೆ. ಹೊರಗೆ ಬೆಂಚಿನ ಮೇಲೆ ನನ್ನ ಪ್ರಶ್ನೆಪತ್ರಿಕೆ ಬಯಲಾಗುತ್ತಿರುತ್ತದೆ. ಒಳಗಿಂದ ಬಂದವರನ್ನು "ಏನ ಕೇಳಿದ್ರು?" ಎಂದು ವಿಚಾರಿಸದಿದ್ದರೆ ನಮ್ಮ ಕಡೆಯವರಿಗೆ ತಿಂದ ರೊಟ್ಟಿ ಅರಗುವುದಿಲ್ಲ. ಪರೀಕ್ಷೆ ಎಂದಮೇಲೆ ಪಾಸಾಗಬೇಕು, ಪಾಸಾಗಲು ಒಬ್ಬರಿಗೊಬ್ಬರು ಹೇಳಿಕೊಡಬೇಕು, ಅದು ಪುಣ್ಯದ ಕೆಲಸ. ಮೊದಮೊದಲು ನಾನು ಹೊರಗೆ ಬಂದು ರೇಗುತ್ತಿದ್ದೆ. ರೇಗಿದಷ್ಟೂ ಅವರು ದನಿ ತಗ್ಗಿಸಿ ಮುಂದುವರಿಸುತ್ತಿದ್ದರು. ಕೊನೆಗೆ ಒಂದರ ಬದಲು ಹಲವು ಪಟ್ಟಿ ಮಾಡಿಕೊಂಡೆ. ಯಾವ ದಿನ ಯಾವ ಪಟ್ಟಿ ಎಂಬುದು ನನಗೊಬ್ಬಳಿಗೇ ಗೊತ್ತು. ಅಂದಿನಿಂದ ಬೆಂಚು ನನ್ನನ್ನು ಗೆದ್ದಿಲ್ಲ.

ಪರೀಕ್ಷೆಗಳಲ್ಲಿ ನನಗೆ ಬಲು ಇಷ್ಟವಾದದ್ದು ಐದು ಪದಗಳದ್ದು. ಐದು ಪದ ಹೇಳುತ್ತೇನೆ, ಅವರೂ ಹೇಳುತ್ತಾರೆ. ಆಮೇಲೆ ಬೇರೆ ಕೆಲಸ ಕೊಟ್ಟು, ಸ್ವಲ್ಪ ಹೊತ್ತಿನ ನಂತರ ಅವೇ ಪದಗಳನ್ನು ಕೇಳುತ್ತೇನೆ. ನೋಡಿದವರಿಗೆ ಮಕ್ಕಳಾಟ. ಆದರೆ ಹೊಸದಾಗಿ ಬಿದ್ದದ್ದನ್ನು ತಲೆ ಹಿಡಿದಿಡುತ್ತಿದೆಯೋ ಸೋರಿಬಿಡುತ್ತಿದೆಯೋ ಎಂಬುದು ಅಲ್ಲಿ ಕಾಣುತ್ತದೆ. ಈ ಕೆಲಸದಲ್ಲಿ ನನ್ನ ಕೈ ಪಳಗಿದೆ, ಹೇಳಿಕೊಳ್ಳಲು ಸಂಕೋಚವೇನೂ ಇಲ್ಲ.

ನೇಸರಗಿಯಿಂದ ಬೈಲಹೊಂಗಲಕ್ಕೆ ಟಂಟಂ ಎಂಬ ಮೂರು ಗಾಲಿಯ ಬಾಡಿಗೆ ಗಾಡಿ ಹೊಡೆಯುವ ಒಬ್ಬಾತ ಹೆಂಡತಿಯ ಜೊತೆ ಬಂದ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಗಾಯ ಮಾಯ್ದಿತ್ತು. ನೆನಪು, ಗಮನ ಪರೀಕ್ಷೆ ಮಾಡಿಸದೆ ಜನರನ್ನು ಕೂರಿಸಿಕೊಂಡು ಗಾಡಿ ಹೊಡೆಯಬೇಡ ಎಂದು ಡಾಕ್ಟರು ಕಳಿಸಿದ್ದರು. ಅವನಿಗೆ ಬೇಕಿದ್ದದ್ದು ನನ್ನ ಒಂದೇ ಮಾತು: ಹೊಡೆಯಬಹುದು.

ಕುರ್ಚಿ ಎಳೆದುಕೊಂಡು ಕೂತವನೇ ಶುರು ಮಾಡಿದ. "ತಗೋರಿ ಮೇಡಮ್ಮರ. ಕುಡಗೋಲ, ಮಲ್ಲಗಿ, ಛತ್ರಿ, ಕಂಬಳಿ, ಗಡಗಿ. ಮುಗೀತs?"

ನನಗೆ ನಗು ತಡೆಯಲಾಗಲಿಲ್ಲ. ನಾನಿನ್ನೂ ಬಾಯೇ ಬಿಟ್ಟಿರಲಿಲ್ಲ. ಅದು ನನ್ನ ಹಳೆಯ ಪಟ್ಟಿ. ಅವರ ಓಣಿಯ ಯಾರೋ ನನ್ನ ಬೆಂಚಿನ ಮೇಲೆ ಕಲಿತು ಊರಿಗೆ ಒಯ್ದಿದ್ದರು.

"ಯಾರ ಕಲಿಸಿದ್ರು?" ಎಂದೆ.

"ಮತ್ಯಾರ್ರಿ, ಇಕಿನs. ರೊಟ್ಟಿ ಬಡಿಯೂ ಮುಂದ ದಿನಾ ಹೇಳಸ್ತಾಳ. ಹೇಳಿದ್ರಷ್ಟs ರೊಟ್ಟಿ."

ಹೆಂಡತಿ ಸೆರಗಿನ ಅಂಚು ಹಿಡಿದು ನೆಲ ನೋಡುತ್ತಿದ್ದಳು. ಕಳ್ಳತನ ಸಿಕ್ಕಿಬಿದ್ದ ನಾಚಿಕೆ ಎಂದುಕೊಂಡೆ.

"ಇವತ್ತ ಬ್ಯಾರೆ ಅದಾವ್ರಿ," ಎಂದು ಹೊಸ ಪಟ್ಟಿ ಓದಿದೆ: ಚಸ್ಮಾ, ಹಗ್ಗ, ನವಿಲು, ಬಾಗಿಲು, ಬಾಳೆಹಣ್ಣು. ತಕ್ಷಣ ಒಂದೂ ಬಿಡದೆ ಹೇಳಿದ. ಚುರುಕು ಮನುಷ್ಯ. ಆಮೇಲೆ ಕಾಗದದ ಮೇಲೆ ಚದುರಿದ್ದ ಅಂಕಿಗಳನ್ನು ಕ್ರಮವಾಗಿ ಗೆರೆ ಎಳೆದು ಜೋಡಿಸಲು ಕೊಟ್ಟೆ. ನಡುವೆ ಪೆನ್ಸಿಲು ನಿಂತಿತು. ಎಲ್ಲಿಯವರೆಗೆ ಬಂದಿದ್ದೇನೆಂದು ಹುಡುಕಿದ, ಮತ್ತೆ ಎಳೆದ, ಮತ್ತೆ ನಿಂತ. ಮುಗಿದ ಮೇಲೆ ಕೇಳಿದೆ, "ಆಗ ಹೇಳಿದ ಪದಾ ಹೇಳ್ರಿ ನೋಡೂಣು."

"ಕುಡಗೋಲ, ಮಲ್ಲಗಿ, ಛತ್ರಿ, ಕಂಬಳಿ, ಗಡಗಿ."

"ಅವಲ್ರಿ. ಇವತ್ತ ನಾ ಹೇಳಿದ್ದು."

"ಇವs ನೋಡ್ರಿ. ನೀವs ಹೇಳಿದ್ರಿ, ಈಗಷ್ಟs!"

ನನ್ನ ನಗು ಇಂಗಿತು. ದಿನವೂ ಬಡಿದು ಕೂರಿಸಿದ್ದು ಗಟ್ಟಿಯಾಗಿ ನಿಂತಿತ್ತು, ಈಗ ತಾನೇ ಕೊಟ್ಟದ್ದರ ಸುಳಿವೂ ಇರಲಿಲ್ಲ. ಸುಳುಹು ಕೊಟ್ಟೆ: ಒಂದು ಹಕ್ಕಿ ಇತ್ತು, ಒಂದು ಹಣ್ಣು ಇತ್ತು ಎಂದೆ. ಅವನು ನನ್ನನ್ನೇ ಕನಿಕರದಿಂದ ನೋಡಿದ, ಮೇಡಮ್ಮನಿಗೇ ಮರೆವು ಬಂದಿದೆ ಎನ್ನುವಂತೆ. ಇನ್ನೂ ಒಂದೆರಡು ಪರೀಕ್ಷೆ ಮಾಡಿದೆ. ಎಲ್ಲವೂ ಅದನ್ನೇ ಹೇಳಿದವು. ಇಂಥ ಹೊತ್ತಿನಲ್ಲಿ ಸುತ್ತಿಬಳಸಿ ಮಾತಾಡುವವಳು ನಾನಲ್ಲ.

"ಸದ್ಯಕ್ಕ ಗಾಡಿ ಬ್ಯಾಡ್ರಿ. ತಲಿಗೆ ಇನ್ನೂ ಟೈಮ್ ಬೇಕು. ಅಭ್ಯಾಸ ಕೊಡತೇನಿ, ಮಾಡ್ರಿ. ಮತ್ತ ಬರ್ರಿ, ಮತ್ತ ನೋಡೂಣು."

ಅವನ ಮುಖ ಕೆಂಪಾಯಿತು. ಕಿಸೆಗೆ ಕೈ ಹಾಕಿ ಟಂಟಂನ ಚಾವಿ ತೆಗೆದು ಮೇಜಿನ ಮೇಲೆ ಟಪ್ಪನೆ ಇಟ್ಟ.

"ಹಂಗಾರ ಇವತ್ತ ಇಲ್ಲೀ ಮಟಾ ಯಾರ ಹೊಡಕೊಂಡ ಬಂದ್ರು ಅಂತೀರಿ? ನಾನs! ಏನರ ಆತೇನು? ಇಕಿನ್ನs ಕೇಳ್ರಿ. ಹೇಳ ನೀ."

ಅವಳು ತಲೆ ಎತ್ತಿದಳು. ಅದು ನಾಚಿಕೆಯ ಮುಖವಾಗಿರಲಿಲ್ಲ, ಹೆದರಿದ ಮುಖವಾಗಿತ್ತು. ಅಲ್ಲಿ ನನ್ನ ಅಂದಾಜು ತಪ್ಪಿತ್ತು.

"ದಾರ್ಯಾಗ ಇವರು ಒಬ್ಬಾಕಿ ಅಜ್ಜಿನ್ನ ಹತ್ತಿಸ್ಕೊಂಡ್ರು ಮೇಡಮ್ಮರ," ಎಂದಳು. "ಹಳ್ಳದ ಹಂತೇಕ ಇಳಸ್ರಿ ಅಂದಿದ್ಲು. ಹೂಂ ಅಂದ್ರು. ಹಳ್ಳಾ ದಾಟಿ ಹಂಗs ಹೊಂಟಬಿಟ್ರು. ಆಕಿ ಒದರಾಕ ಹತ್ತಿದ್ಲು. ನಾ ಬೆನ್ನ ಬಡದು ನಿಲ್ಲಿಸಿದ್ನಿ. ಇವರಿಗೆ ಸಮಾಧಾನ ಇರಲಿ ಅಂತ ಪದಾ ಕಲಿಸಿದ್ನಿ. ಇನ್ನ ನನ್ನ ಕಡೆ ಆಗೂದಿಲ್ರಿ."

ಅವನು ಹೆಂಡತಿಯ ಕಡೆ ತಿರುಗಿದ.

"ಯಾವ ಅಜ್ಜಿ?"

ಹಟಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದ. "ನೀವs ಕೈ ಹಿಡದು ಹತ್ತಿಸಿದ್ರಿ" ಎಂದಳು. ಅವನು ಅವಳ ಮುಖ ನೋಡಿದ, ನನ್ನ ಮುಖ ನೋಡಿದ, ತನ್ನ ಅಂಗೈ ನೋಡಿಕೊಂಡ.

ಆಮೇಲೆ ಒಂದೇ ಬೆರಳಿನಿಂದ ಚಾವಿಯನ್ನು ಅವಳ ಕಡೆಗೆ ಸರಿಸಿದ.

"ಬಸ್ಸಿಗೆ ಹೋಗೂಣು ನಡಿ," ಎಂದ.