ಹದಿಮೂರರ ಮುಂದಿನ ಎಣಿಕೆ

ಮೊದಲೇ ಹೇಳಿಬಿಡುತ್ತೇನೆ. ಇಂಥ ಅನುಭವಗಳನ್ನು ಯಾರಾದರೂ ಹೇಳತೊಡಗಿದರೆ ಎದ್ದು ಹೋಗುವ ಮನುಷ್ಯ ನಾನು. ದೂರದಲ್ಲಿದ್ದವರ ದನಿ ಕಿವಿಗೆ ಬಿತ್ತು, ಕನಸಿನಲ್ಲಿ ಕಂಡದ್ದು ಬೆಳಿಗ್ಗೆ ನಡೆಯಿತು ಎಂಬುದೆಲ್ಲ ಕೆಲಸವಿಲ್ಲದವರ ಹರಟೆ ಎಂದೇ ತಿಳಿದಿದ್ದೆ. ಆಟದ ವಿಷಯದಲ್ಲಂತೂ ನನ್ನ ವಿಚಾರ ಬಹಳ ಸರಳವಾಗಿತ್ತು. ಕಾಲಿನಲ್ಲಿ ಕಸುವಿದ್ದವನು ಗೆಲ್ಲುತ್ತಾನೆ, ಇಲ್ಲದವನು ಸೋಲುತ್ತಾನೆ. ಮನಸ್ಸು, ಏಕಾಗ್ರತೆ ಎನ್ನುವವರನ್ನು ಕಂಡರೆ ನಗು ಬರುತ್ತಿತ್ತು.

ವಿಚಿತ್ರವೆಂದರೆ ಕಾಲಿನಲ್ಲಿ ಕಸುವಿದ್ದೂ ಸೋಲುತ್ತಿದ್ದವನು ನಾನೇ. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ವಿಜಾಪುರದ ಸ್ಟೇಷನ್ ರಸ್ತೆಯ ಒಂದು ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುವ, ಗಾಲಿಯ ಡೊಂಕು ತೆಗೆಯುವ ಕೆಲಸ ನನ್ನದು. ವರ್ಷಕ್ಕೊಮ್ಮೆ ಟಿಕೋಟಾಕ್ಕೆ ಹೋಗಿ ತಿರುಗಿ ಬರುವ ಸೈಕಲ್ ರೇಸ್ ನಡೆಯುತ್ತಿತ್ತು. ಮೊದಲು ಬಂದ ಒಬ್ಬನನ್ನು ಮಾತ್ರ ಮೈಸೂರಿನ ದೊಡ್ಡ ರೇಸಿಗೆ ಕಳಿಸುತ್ತಿದ್ದರು. ಎರಡು ವರ್ಷ ನಾನು ಟಿಕೋಟಾದವರೆಗೆ ಎಲ್ಲರಿಗಿಂತ ಮುಂದಿದ್ದೆ. ಎರಡು ವರ್ಷವೂ ಮರಳುವಾಗ ಸಿಗುವ ಏರಿನಲ್ಲಿ ಕೆಟ್ಟೆ. ಕಾರಣ ಇಡೀ ಸ್ಟೇಷನ್ ರಸ್ತೆಗೆ ಗೊತ್ತಿತ್ತು: ನಾನು ಹಿಂದೆ ನೋಡುತ್ತಿದ್ದೆ. ಯಾರು ಬಂದರು, ಎಷ್ಟು ಹತ್ತಿರ ಬಂದರು ಎಂಬ ಚಡಪಡಿಕೆ. ನೋಡಿದಾಗಲೆಲ್ಲ ಕಾಲು ತಡವರಿಸುತ್ತಿತ್ತು.

ಮೂರನೆಯ ವರ್ಷ ಅಂಗಡಿಯ ಮಾಲೀಕರು ತಮ್ಮ ಹಗುರ ಸೈಕಲ್ ಕೊಡುವ ಮೊದಲು ಕಡ್ಡಿ ತುಂಡು ಮಾಡಿದಂತೆ ಹೇಳಿದರು.

"ನೋಡಪಾ, ಇದು ಕಡೀ ಸಲ. ಸೋತ್ರ ರೇಸಿನ ಹುಚ್ಚು ಬಿಟ್ಟು ಅಂಗಡ್ಯಾಗ ಕುಂದರಬೇಕು."

ಆ ಮಾತು ಕೇಳಿದಂದಿನಿಂದ ಊಟ ರುಚಿಸಲಿಲ್ಲ. ಸೈಕಲ್ ತುಳಿಯುವುದೊಂದು ಬಿಟ್ಟರೆ ನನಗೆ ಬೇರೆ ಯಾವುದರಲ್ಲೂ ಮನಸ್ಸಿರಲಿಲ್ಲ. ಆ ಸಂಕಟದಲ್ಲಿ ನಮ್ಮ ಹಳ್ಳಿ ಕಾಖಂಡಕಿಗೆ ಹೋಗಿ ನನ್ನ ಕಾಕಾನ, ಅಂದರೆ ಚಿಕ್ಕಪ್ಪನ, ಮುಂದೆ ಅತ್ತುಬಿಟ್ಟೆ.

ಕಾಕಾ ಒಕ್ಕಲುತನದ ಮನುಷ್ಯ. ಸುತ್ತಲಿನ ಹಳ್ಳಿಗಳಲ್ಲಿ ಯಾರ ಕಣದಲ್ಲಿ ಜೋಳದ ರಾಶಿಯಾದರೂ ಅಳೆಯಲು ಅವನೇ ಬೇಕು. ರಾಶಿ ಅಳೆಯುವಾಗ ಕಣದಲ್ಲಿ ಯಾರೂ ಪಿಟಿಕ್ಕೆನ್ನುವಂತಿಲ್ಲ. ಅಳೆಯುವವನೊಬ್ಬನದೇ ದನಿ. ಮೊದಲ ಅಳತೆಗೆ 'ಒಂದು' ಎನ್ನದೆ 'ಲಾಭ' ಎನ್ನಬೇಕು. ಆಮೇಲೆ ಎರಡು, ಮೂರು. ಇಪ್ಪತ್ತಕ್ಕೆ ಒಂದು ಹಿಡಿ ಜೋಳ ಬದಿಗಿಟ್ಟು ಮತ್ತೆ ಲಾಭದಿಂದ ಶುರು. ನಡುವೆ ಎಣಿಕೆ ತಪ್ಪಿದರೆ ಆ ರಾಶಿಗೆ ಕೇಡು ಎಂದು ನಮ್ಮವರ ನಂಬಿಕೆ. ಕಾಕಾನ ಎಣಿಕೆ ಒಮ್ಮೆಯೂ ತಪ್ಪಿರಲಿಲ್ಲ.

"ರಾಶಿ ಅಳ್ಯಾವ ಹಿಂದ ನೋಡ್ತಾನೇನೋ ತಮ್ಮಾ?" ಎಂದ. "ಪೆಡಲ್ ಎಣಿಸು. ಲಾಭದಿಂದ ಇಪ್ಪತ್ತು, ಮತ್ತ ಲಾಭ. ಹಿಂದ ಹುಲಿ ಬಂದ್ರೂ ಎಣಿಕಿ ಬಿಡಬ್ಯಾಡ."

ನಂಬಿಕೆ ಇರಲಿಲ್ಲ. ಆದರೂ ಮುಳುಗುವವನಿಗೆ ಏನು ಸಿಕ್ಕರೂ ಆದೀತು. ತಿಂಗಳೊಪ್ಪತ್ತು ಸೊಲ್ಲಾಪುರ ರಸ್ತೆಯಲ್ಲಿ ಬೆಳಗಿನ ಜಾವ ಎಣಿಸುತ್ತ ತುಳಿದೆ. ದಾರಿಹೋಕರು ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ರೇಸು ಇಳಿಹೊತ್ತಿನಲ್ಲಿ ಶುರುವಾಯಿತು. ಟಿಕೋಟಾದಲ್ಲಿ ತಿರುಗಿದಾಗ ಎಂದಿನಂತೆ ನಾನೇ ಮುಂದೆ. ಎಣಿಸುತ್ತಲೇ ಇದ್ದೆ. ಏರು ಬಂದಾಗ ಹೊತ್ತು ಮುಳುಗಲು ಇನ್ನೂ ಒಂದು ತಾಸಿತ್ತು. ಎದುರುಗಾಳಿ, ಬಾಯಲ್ಲಿ ಧೂಳು, ತೊಡೆಯಲ್ಲಿ ಬೆಂಕಿ. ಅಷ್ಟರಲ್ಲಿ ಹಿಂದಿನಿಂದ ಒಂದು ಸೈಕಲ್ಲಿನ ಚೈನಿನ ಸಪ್ಪಳ ಕೇಳಿಸಿತು. ಹನ್ನೆರಡು, ಹದಿಮೂರು ಎಂದೆ. ಮುಂದೆ ಏನೆಂದು ತಿಳಿಯದಾಯಿತು! ಸಣ್ಣ ಮಗುವಿಗೂ ಗೊತ್ತಿರುವ ಅಂಕಿ ನನ್ನ ತಲೆಯಲ್ಲಿ ಇರಲೇ ಇಲ್ಲ. ಕತ್ತು ತಾನಾಗಿಯೇ ಹಿಂದಕ್ಕೆ ಹೊರಳತೊಡಗಿತು.

"ಹದಿನಾಕು."

ಕಾಕಾನ ದನಿ. ನೆನಪಿನ ದನಿಯಲ್ಲ, ಎಡಗಿವಿಯ ಪಕ್ಕದಲ್ಲೇ, ಕಣದಲ್ಲಿ ಹೇಳುವಂತೆ ನಿಧಾನವಾಗಿ, ಎಳೆದು ಹೇಳಿದ ದನಿ. ಹದಿನೈದು, ಹದಿನಾರು ಎಂದು ಅದು ಮುಂದುವರಿಯಿತು, ಇಪ್ಪತ್ತರ ನಂತರ ಲಾಭ ಎಂದಿತು. ನಾನು ಬಾಯಿ ಮುಚ್ಚಿಕೊಂಡು ಆ ದನಿಗೆ ಕಾಲು ಕೂಡಿಸಿದೆ. ತೊಡೆಯ ಉರಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಊರೊಳಗಿನ ಜನರ ಕೂಗು ಕೇಳುವವರೆಗೂ ಅದು ನನ್ನ ಜೊತೆಗಿತ್ತು. ಅಂದು ನಾನು ಹಿಂದೆ ನೋಡಲಿಲ್ಲ. ಗೆದ್ದೆ.

ಮರುದಿನ ಪೇಡೆ ಕಟ್ಟಿಸಿಕೊಂಡು ಬಸ್ಸು ಹತ್ತಿ ಕಾಖಂಡಕಿಗೆ ಓಡಿದೆ. ಬಾಗಿಲಲ್ಲಿ ಕಾಕಿ ಕುಳಿತಿದ್ದಳು. ಮುಖ ಬಾಡಿತ್ತು.

"ನಿಮ್ಮ ಕಾಕಾ ನಿನ್ನೆಯಿಂದ ತುತ್ತು ಮುಟ್ಟಿಲ್ಲೋ ಯಪ್ಪಾ. ಗೌಡರ ಕಣದಾಗ ಎಣಿಕಿ ತಪ್ಪ್ಯಾನ."

ಕಾಕಾ ಒಳಗೆ ಗೋಡೆಗೆ ಒರಗಿದ್ದ. ನನ್ನನ್ನು ನೋಡಿ ತಾನಾಗಿಯೇ ಹೇಳಿದ. "ಹೊತ್ತು ಮುಳುಗಾಕ ಇನ್ನೂ ಒಂದು ತಾಸು ಇತ್ತು. ಹದಿಮೂರು ಅಂದೆ. ಮುಂದಿನ ಅಂಕಿ ಬಾಯಿಗೆ ಬರಲೇ ಇಲ್ಲ. ಯಾರೋ ಕಸಗೊಂಡು ಹೋದಂಗಾತು. ಸುತ್ತ ಅಷ್ಟು ಮಂದಿ ಕುಂತಿದ್ರು. ಎಲ್ಲಾರಿಗೂ ಗೊತ್ತಿತ್ತು, ಆದ್ರ ಯಾರೂ ಬಾಯಿ ಬಿಡೂ ಹಂಗಿಲ್ಲಲ್ಲ. ತುಂಬಿದ ಅಳತಿ ಹಿಡ್ಕೊಂಡು ಹಂಗ ಕುಂತೆ."

ಅದೇ ಹೊತ್ತು, ಅದೇ ಅಂಕಿ.

"ಆ ಹೊತ್ತಿಗೆ ನನ್ನ ನೆನಸಿದ್ದಿ ಏನು ಕಾಕಾ?" ಎಂದು ಹೇಗೋ ಕೇಳಿದೆ.

"ನೆನಸಿದ್ದೆ. ಕಣದಾಗ ಕುಂತು ಬ್ಯಾರೆ ನೆನಸಬಾರದು. ತಪ್ಪು ನಂದ." ಆಮೇಲೆ ನನ್ನ ಕಡೆ ತಿರುಗಿ ಕೇಳಿದ, "ಅದಿರಲಿ. ನಿನ್ನ ಎಣಿಕಿ ತಪ್ಪಲಿಲ್ಲ, ಹೌದಿಲ್ಲೋ?"

ಆಗ ನಾನು ಎಲ್ಲವನ್ನೂ ಹೇಳಬಹುದಿತ್ತು. ಹೇಳಲಿಲ್ಲ. ಗೆಲುವು ನನ್ನದಲ್ಲವೆಂದು ಒಪ್ಪಿಕೊಂಡಂತಾಗುತ್ತದೆ ಎಂಬ ಸಣ್ಣತನವೋ, ಭಯವೋ, ಇಂದಿಗೂ ತಿಳಿಯದು.

"ಇಲ್ಲ ಕಾಕಾ. ಒಂದೂ ತಪ್ಪಲಿಲ್ಲ."

ಅವನ ಮುಖ ಅರಳಿತು. "ಅಷ್ಟ ಸಾಕು ನೋಡು" ಎಂದು ಎದ್ದು ಕೈ ತೊಳೆದು ಊಟಕ್ಕೆ ಕುಳಿತ.

ಆಮೇಲೆ ಯಾರೂ ಯಾವ ಕಣಕ್ಕೂ ಅವನನ್ನು ಕರೆಯಲಿಲ್ಲ. ಮೈಸೂರಿನಲ್ಲಿ ನಾನು ಸೋತೆ. ಅಲ್ಲಿ ಯಾವ ದನಿಯೂ ಬರಲಿಲ್ಲ. ಈಚೆಗೆ ನನ್ನ ಮೊಣಕಾಲು ನೋಡುವ ಡಾಕ್ಟರರಿಗೆ ಇದನ್ನು ಹೇಳಿದಾಗ, ದಣಿದ ಮೆದುಳು ರೂಢಿಯಾದ ದನಿಯನ್ನು ತಾನೇ ಹುಟ್ಟಿಸುತ್ತದೆ, ಆಗ ನೋವೂ ತಿಳಿಯದು ಎಂದರು. ಇರಬಹುದು. ನನ್ನ ಕಿವಿಗೆ ಬಿದ್ದ ದನಿಗೆ ಅದು ಉತ್ತರವಾಯಿತು. ಕಾಕಾನ ಬಾಯಿಯಿಂದ ಆ ಅಂಕಿ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಅವರು ಮೊಣಕಾಲಿನ ಗುಳಿಗೆ ಬರೆಯತೊಡಗಿದರು.

ಕಾಕಾ ತೀರಿಕೊಂಡು ಬಹಳ ವರ್ಷಗಳಾದವು. ಈಗ ಮನೆಯ ಮೆಟ್ಟಿಲು ಹತ್ತುವಾಗಲೂ ನಾನು ಲಾಭದಿಂದಲೇ ಎಣಿಸುತ್ತೇನೆ. ಹದಿಮೂರಕ್ಕೆ ಬಂದಾಗ ಕಾಲು ತಾನಾಗಿ ನಿಲ್ಲುತ್ತದೆ. ಮುಂದಿನ ಅಂಕಿ ನನಗೆ ಚೆನ್ನಾಗಿ ಗೊತ್ತು, ಆದರೆ ಅದನ್ನು ನಾನು ಹೇಳುವುದಿಲ್ಲ.